ನೀನು ಅರ್ಧಕ್ಕೆ ನಿಲ್ಲಿಸಿದ ವಿಡಿಯೋ

ಪ್ರೀತಿಯ ಪುಟ್ಟಿ,

ಭಾನುವಾರ ರಾತ್ರಿ ನಿನ್ನನ್ನು ಬಸ್ಸು ಹತ್ತಿಸಿ ಮನೆಗೆ ಬಂದು ಟಿವಿ ಹಾಕಿದೆ. ಯೂಟ್ಯೂಬ್ ತೆರೆದರೆ ನೀನು ಮಧ್ಯಾಹ್ನ ಅರ್ಧಕ್ಕೆ ನಿಲ್ಲಿಸಿದ್ದ ವಿಡಿಯೋನೇ ಮೊದಲಿಗೆ ಇತ್ತು, ಕೆಳಗಿನ ಕೆಂಪು ಗೆರೆ ಅರ್ಧದವರೆಗೆ. ಒತ್ತಿದೆ. 42ನೇ ನಿಮಿಷಕ್ಕೆ ಹೋಗಿ ನಿಂತಿತು. ಸಿನಿಮಾ ವಿಮರ್ಶೆ ಮಾಡುವ ನಿನ್ನ ಅಮೆರಿಕದ ಹುಡುಗ, ಸ್ಟಾರ್ ವಾರ್ಸ್ ಅನ್ನುವ ಹಾಲಿವುಡ್ ಸರಣಿಯ ಸಿನಿಮಾ ಬಗ್ಗೆ ಏನೋ ಹೇಳಲು ಕೈ ಎತ್ತಿದ್ದ. ನಿನ್ನಮ್ಮ ಅಡುಗೆಮನೆಯಿಂದಲೇ "ಅದನ್ನ ಆಫ್ ಮಾಡಿ, ಅದರ ದೆಸೆಯಿಂದ ಮಗು ಊಟಾನೂ ಸರಿಯಾಗಿ ಮಾಡ್ಲಿಲ್ಲ" ಅಂದಳು. ಆಫ್ ಮಾಡಿದೆ. ಆದರೆ ನೀನು ಹೇಳಿದ ಮಾತು ತಲೆಯಿಂದ ಹೋಗಲಿಲ್ಲ.

"ಇಷ್ಟು ವರ್ಷ ಆದ್ಮೇಲೂ ಅವನಿಗೆ ಅರ್ಥ ಆಗಿಲ್ಲಪ್ಪ" ಅಂದೆ. ಎಂಟು ವರ್ಷದ ಹಿಂದೆಯೂ ಇದನ್ನೇ ಹೇಳಿದ್ದೆ. ಆಗ ಅಳುತ್ತಾ ಹೇಳಿದ್ದೆ.

ನಿನಗೆ ಆ ದಿನ ಪೂರ್ತಿ ನೆನಪಿದೆಯೋ ಇಲ್ಲವೋ, ನನಗಿದೆ. 2017ರ ಡಿಸೆಂಬರ್, ನೀನು ಎಂಟನೇ ಕ್ಲಾಸು. ಸ್ಟಾರ್ ವಾರ್ಸ್‌ನ ಹೊಸ ಭಾಗ 'ದ ಲಾಸ್ಟ್ ಜೆಡೈ' ಬಂದಿತ್ತು. ಅದರ ಹಿಂದಿನದು ಬಂದಿದ್ದು 2015ರಲ್ಲಿ. ಅದು ಮುಗಿಯುವಾಗ ಕಥೆಯ ನಾಯಕಿ ರೇ ಒಂದು ದ್ವೀಪದ ತುದಿಗೆ ಹತ್ತಿ ಹೋಗಿ, ಹಳೆಯ ಭಾಗಗಳ ಹೀರೋ, ಈಗ ಮುದುಕನಾದ ಲ್ಯೂಕ್ ಸ್ಕೈವಾಕರ್ ಮುಂದೆ ಅವನ ಹಳೆಯ ಬೆಳಕಿನ ಕತ್ತಿ ಲೈಟ್‌ಸೇಬರ್ ಹಿಡಿದು ನಿಲ್ಲುತ್ತಾಳೆ. ಐರ್ಲೆಂಡಿನ ಸ್ಕೆಲಿಗ್ ಮೈಕಲ್ ಅಂತ ಆ ಜಾಗ, ನೀನೇ ಹುಡುಕಿ ತೋರಿಸಿದ್ದೆ. ಅಲ್ಲಿಗೆ ಸಿನಿಮಾ ಮುಗಿದಿತ್ತು. ಎರಡು ವರ್ಷ ನಾವಿಬ್ಬರೂ ಲ್ಯೂಕ್ ಮೊದಲು ಏನು ಮಾತಾಡಬಹುದು ಅಂತ ಊಟಕ್ಕೆ ಕೂತಾಗಲೆಲ್ಲ ಮಾತಾಡಿದ್ದೆವು. ಅವನು ಮಾತೇ ಆಡಲಿಲ್ಲ. ಕತ್ತಿಯನ್ನು ತೆಗೆದುಕೊಂಡ, ಹೆಗಲ ಮೇಲಿಂದ ಹಿಂದಕ್ಕೆ ಎಸೆದುಬಿಟ್ಟ, ಹೊರಟುಹೋದ.

ನೀನು ಜೋರಾಗಿ ನಕ್ಕೆ. ನನಗೆ ಎದೆಯಲ್ಲಿ ಏನೋ ಚುಚ್ಚಿದ ಹಾಗಾಯಿತು.

ಆಮೇಲೆ ಆ ದೃಶ್ಯ ಬಂತು. ರೇಯ ಅಪ್ಪ ಅಮ್ಮ ಯಾರೋ ದೊಡ್ಡವರಲ್ಲ, ಕುಡಿಯುವ ದುಡ್ಡಿಗೆ ಮಗಳನ್ನೇ ಮಾರಿದವರು ಅಂತ ಅವಳ ಎದುರಾಳಿ ಕೈಲೋ ಹೇಳುವುದು. ನೀನು ನನ್ನ ಮೊಣಕೈ ಗಟ್ಟಿಯಾಗಿ ಹಿಡಿದುಕೊಂಡೆ. ಮನೆಗೆ ಬರುವಾಗ ಸ್ಕೂಟರಿನ ಹಿಂದೆ ಕೂತು, ಗಾಳಿಗೆ ನನಗೆ ಕೇಳಿಸಲ್ಲ ಅಂತ ಕೂಗಿ ಕೂಗಿ ಹೇಳುತ್ತಿದ್ದೆ: "ಅಪ್ಪ, ಅವಳು ಯಾರ ಮಗಳೂ ಅಲ್ಲ, ಆದ್ರೂ ಅವಳೇ ಹೀರೋ!" ಅದೇ ಮಾತನ್ನು ಮೂರು ಸಲ ಹೇಳಿದೆ.

ವಾರದೊಳಗೆ ನಿನ್ನ ಹುಡುಗನ ವಿಡಿಯೋ ಬಂತು. ಆರನೇ ಕ್ಲಾಸಿನಿಂದ ಪ್ರತಿ ಶನಿವಾರ ನೀನು ಅವನನ್ನು ನೋಡುತ್ತಿದ್ದೆ. ನಿನ್ನ ಇಂಗ್ಲಿಷ್ ಸುಧಾರಿಸಿದ್ದೇ ಅವನಿಂದ ಅಂತ ನಿನ್ನಮ್ಮ ಈಗಲೂ ಹೇಳುತ್ತಾಳೆ. ಕ್ಯಾಮೆರಾ ಎಲ್ಲಿ ಇಟ್ಟಿದ್ದಾರೆ, ಒಂದು ಸೀನು ಯಾಕೆ ಅಲ್ಲಿಗೇ ಕಟ್ ಆಯಿತು, ಇದನ್ನೆಲ್ಲ ನೀನು ಅವನಿಂದಲೇ ಕಲಿತೆ. ಅವನು ಅವತ್ತು ಈ ಸಿನಿಮಾ ನನಗೆ ಹಿಡಿಸಲಿಲ್ಲ ಅಂದ. ಲ್ಯೂಕ್‌ನನ್ನು ಹಾಳು ಮಾಡಿದ್ದಾರೆ, ಆ ಜೂಜಿನ ಊರಿನ ಕಥೆ ಪೂರ್ತಿ ದಂಡ ಅಂದ. ನೀನು ರೂಮಿನ ಬಾಗಿಲು ಹಾಕಿಕೊಂಡೆ. "ಅವನು ನನ್ನ ಕಡೆಯವನು ಅಂದ್ಕೊಂಡಿದ್ದೆ" ಅಂತ ಬಿಕ್ಕಿ ಬಿಕ್ಕಿ ಅತ್ತೆ. ಸಬ್‌ಸ್ಕ್ರೈಬ್ ಮಾಡಿದ್ದನ್ನೂ ತೆಗೆದುಹಾಕಿದೆ.

ಆಗ ನಾನು ಸುಮ್ನೆ ಇದ್ದೆ. ಯಾಕೆ ಅಂದರೆ ನನಗೆ ಅವನು ಹೇಳಿದ್ದು ಸರಿ ಅನ್ನಿಸಿತ್ತು. ಅಳುತ್ತಿರುವ ಮಗಳ ಮುಂದೆ ಅದನ್ನು ಹೇಳಲು ಮನಸ್ಸು ಬರಲಿಲ್ಲ.

ನಾನು ಸರಸ್ವತಿಪುರಂನಲ್ಲಿ ವಿಡಿಯೋ ಕ್ಯಾಸೆಟ್ ಲೈಬ್ರರಿ ಇಟ್ಟಿದ್ದು ನಿನಗೆ ಗೊತ್ತು. ಅದರ ಒಂದು ವಿಷಯ ನಿನಗೆ ಯಾವತ್ತೂ ಹೇಳಿಲ್ಲ. ಒಂದು ಸಣ್ಣ ಮಳಿಗೆ, ಮೂರು ಗೋಡೆಗೂ ಕ್ಯಾಸೆಟ್ಟು, ದಿನಕ್ಕೆ 10 ರೂಪಾಯಿ ಬಾಡಿಗೆ. ಮಳೆಗಾಲದಲ್ಲಿ ಟೇಪಿಗೆ ಬಿಳಿ ಬೂಷ್ಟು ಹಿಡಿಯುತ್ತಿತ್ತು, ಅಂಥ ಒಂದು ಕ್ಯಾಸೆಟ್ ಹಾಕಿದರೂ ಸಾಕು, ವಿಸಿಆರ್‌ನ ಹೆಡ್ ಕೂತುಹೋಗುತ್ತಿತ್ತು, ಸ್ಪಿರಿಟ್ ಹಚ್ಚಿದ ಬಟ್ಟೆಯಲ್ಲಿ ಒರೆಸುತ್ತಾ ಕೂರಬೇಕು. ಬಂದವರೆಲ್ಲ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಹೇಗಿದೆ ಪಿಕ್ಚರು?" ನಾನು ಹೇಳುತ್ತಿದ್ದೆ. ನಾನು ಚೆನ್ನಾಗಿದೆ ಅಂದದ್ದನ್ನು ತೆಗೆದುಕೊಂಡು ಹೋಗುತ್ತಿದ್ದರು. ಮಾರನೇ ದಿನ ಕೆಲವರು ಜಗಳಕ್ಕೆ ಬರುತ್ತಿದ್ದರು.

ಸ್ಟಾರ್ ವಾರ್ಸ್‌ನ ಹಳೆಯ ಮೂರೂ ನನ್ನ ಹತ್ತಿರ ಇದ್ದವು. 1980ರಲ್ಲಿ ಬಂದ ಎರಡನೆಯದು, 'ದ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್', ಅದನ್ನು ವಾಪಸ್ ತಂದವರಲ್ಲಿ ಎಷ್ಟೋ ಜನ "ಕ್ಯಾಸೆಟ್ ಕಟ್ ಆಗಿದೆ, ಕೊನೆಯೇ ಇಲ್ಲ, ದುಡ್ಡು ವಾಪಸ್ ಕೊಡಿ" ಅನ್ನುತ್ತಿದ್ದರು. ಕ್ಯಾಸೆಟ್ ಕಟ್ ಆಗಿರಲಿಲ್ಲ. ಕಥೆಯೇ ಹಾಗೆ, ಹೀರೋನ ಕೈ ಕತ್ತರಿಸಿ, ಗೆಳೆಯನನ್ನು ಹೆಪ್ಪುಗಟ್ಟಿಸಿ, ಅಲ್ಲಿಗೇ ಬಿಟ್ಟುಬಿಡುತ್ತದೆ. ಈಗ ಎಲ್ಲರೂ ಅದನ್ನೇ ಆ ಸರಣಿಯ ಅತಿ ಒಳ್ಳೆಯ ಸಿನಿಮಾ ಅನ್ನುತ್ತಾರೆ. ಬಂದ ಹೊಸದರಲ್ಲಿ ಅಮೆರಿಕದಲ್ಲೂ ಹಾಗಿರಲಿಲ್ಲ, ನ್ಯೂಯಾರ್ಕ್ ಟೈಮ್ಸ್‌ನ ವಿನ್ಸೆಂಟ್ ಕ್ಯಾನ್ಬಿ ಅದನ್ನು ಮೆಚ್ಚಲಿಲ್ಲ. ಆಗ ನಾನೂ ಮೆಚ್ಚಿರಲಿಲ್ಲ. ಕೇಳಿದವರಿಗೆಲ್ಲ "ಮೊದಲನೆಯದು ನೋಡಿ, ಇದು ಬೇಡ" ಅನ್ನುತ್ತಿದ್ದೆ.

ನಮ್ಮ ಲೈಬ್ರರಿಗೆ ಒಬ್ಬ ಮೇಷ್ಟ್ರು ಬರುತ್ತಿದ್ದರು, ರಿಟೈರ್ ಆದವರು. ನನಗೂ ಅವರಿಗೂ ಯಾವ ಸಿನಿಮಾದಲ್ಲೂ ಹೊಂದಾಣಿಕೆ ಇಲ್ಲ. ಆದರೂ ಕ್ಯಾಸೆಟ್ ಒಯ್ಯುವ ಮುಂಚೆ ತಪ್ಪದೇ ನನ್ನನ್ನು ಕೇಳುತ್ತಿದ್ದರು. ನಾನು ಬೋರು ಅಂದರೆ "ಯಾಕೆ ಬೋರು, ಹೇಳು" ಅನ್ನುತ್ತಿದ್ದರು. ತುಂಬಾ ನಿಧಾನ ಸಾರ್, ಕೊನೆಯಲ್ಲಿ ಏನೂ ಆಗಲ್ಲ, ಅನ್ನುತ್ತಿದ್ದೆ. "ಹಾಗಾದ್ರೆ ಅದನ್ನೇ ಕೊಡಪ್ಪ" ಅನ್ನುತ್ತಿದ್ದರು. ಮೊದಮೊದಲು ನನಗೆ ಅವಮಾನ ಅನ್ನಿಸುತ್ತಿತ್ತು. ಆಮೇಲೆ ಅರ್ಥವಾಯಿತು, ಅವರು ನನ್ನನ್ನು ಎಲ್ಲರಿಗಿಂತ ಜಾಸ್ತಿ ನಂಬಿದ್ದರು. ನನಗೆ ಏನು ಹಿಡಿಸುತ್ತದೆ, ಏನು ಹಿಡಿಸಲ್ಲ, ಯಾಕೆ ಅನ್ನುವುದು ಅವರಿಗೆ ಪೂರ್ತಿ ಗೊತ್ತಿತ್ತು. ನಾನು ಸುಳ್ಳು ಹೇಳಲ್ಲ ಅಂತ ಗೊತ್ತಿತ್ತು. ಅಷ್ಟು ಸಾಕಿತ್ತು ಅವರಿಗೆ.

ಎಂಪೈರ್ ವಾಪಸ್ ತಂದ ದಿನ ಕರೆಂಟು ಹೋಗಿತ್ತು. ಮೇಷ್ಟ್ರು ಸ್ಟೂಲಿನ ಮೇಲೆ ಕೂತು, ಮೇಣದಬತ್ತಿ ಬೆಳಕಿನಲ್ಲಿ, ಅರ್ಧ ಗಂಟೆ ಆ ಕೊನೆಯ ಬಗ್ಗೆಯೇ ಮಾತಾಡಿದರು. ತಾನು ದ್ವೇಷಿಸುವವನೇ ತನ್ನ ಅಪ್ಪ ಅಂತ ಒಬ್ಬ ಹುಡುಗನಿಗೆ ಗೊತ್ತಾದ ರಾತ್ರಿ ಕಥೆ ಮುಗಿಯುವುದಾದರೂ ಹೇಗಯ್ಯ ಅಂದರು. ನಾನು ಒಪ್ಪಲಿಲ್ಲ. ಆದರೆ ಆ ರಾತ್ರಿ ಅಂಗಡಿ ಬಾಗಿಲು ಎಳೆದು ಮತ್ತೊಂದು ಸಲ ನೋಡಿದೆ. ಲ್ಯೂಕ್ ನನ್ನವನಾದದ್ದು ಅವತ್ತು, ಪುಟ್ಟಿ. ನನ್ನ ಮಾತು ಒಪ್ಪದ ಮನುಷ್ಯ ನನಗೆ ಅವನನ್ನು ಕೊಟ್ಟರು.

ಹಾಗಾಗಿ 2017ರಲ್ಲಿ ಲ್ಯೂಕ್ ಕತ್ತಿ ಎಸೆದಾಗ ನನಗೆ ನೋವಾದದ್ದು ಸುಮ್ಮನೆ ಅಲ್ಲ. ಅಪ್ಪನಲ್ಲಿ ಒಂದಿಷ್ಟಾದರೂ ಒಳ್ಳೆಯತನ ಉಳಿದಿದೆ ಅಂತ ಪ್ರಾಣವನ್ನೇ ಪಣಕ್ಕಿಟ್ಟವನು, ಮಲಗಿದ್ದ ಸೋದರಳಿಯ ಕೈಲೋನ ಮೇಲೆ ಕತ್ತಿ ಎತ್ತಿದನಂತೆ. ನನ್ನ ಲ್ಯೂಕ್ ಹಾಗಲ್ಲ ಅನ್ನಿಸಿತು. ಲ್ಯೂಕ್ ಆಗಿ ನಟಿಸಿದ ಮಾರ್ಕ್ ಹ್ಯಾಮಿಲ್‌ಗೂ ಹಾಗೇ ಅನ್ನಿಸಿತ್ತು. ನಿಮ್ಮ ತೀರ್ಮಾನಗಳು ಒಂದೂ ನನಗೆ ಒಪ್ಪಿಗೆ ಇಲ್ಲ ಅಂತ ನಿರ್ದೇಶಕ ರಯಾನ್ ಜಾನ್ಸನ್‌ಗೇ ಹೇಳಿದ್ದರಂತೆ. ಹಾಗೆ ಹೇಳಿಯೂ ಆ ಪಾತ್ರಕ್ಕೆ ತಮ್ಮನ್ನು ಪೂರ್ತಿ ಕೊಟ್ಟರು. ಸಿನಿಮಾ ಬಂದ ಮೇಲೆ, ನನ್ನ ಅನುಮಾನಗಳನ್ನು ಎಲ್ಲರ ಮುಂದೆ ಹೇಳಬಾರದಿತ್ತು ಅಂತಲೂ ಬರೆದರು. ಆ ಮನುಷ್ಯನ ಮೇಲೆ ನನಗೆ ಗೌರವ ಜಾಸ್ತಿಯಾದದ್ದು ಆಗಲೇ. ನನಗೆ ಆ ಲ್ಯೂಕ್ ಹಿಡಿಸದಿದ್ದರೂ, ಕೊನೆಯಲ್ಲಿ ಎರಡು ಸೂರ್ಯರ ಮುಂದೆ ಕೂತ ಅವನ ಮುಖ ನೋಡಿ ನನ್ನ ಕಣ್ಣು ತುಂಬಿತ್ತು. ಅದನ್ನೂ ನಿನಗೆ ಹೇಳಿರಲಿಲ್ಲ.

ನೀನು ಭಾನುವಾರ ಫೋನ್ ತೆಗೆದು, ವಿಮರ್ಶೆಗಳನ್ನೆಲ್ಲ ಒಟ್ಟು ಹಾಕುವ ರಾಟನ್ ಟೊಮ್ಯಾಟೋಸ್ ಸೈಟು ತೋರಿಸಿದೆ. 'ಲಾಸ್ಟ್ ಜೆಡೈ'ಗೆ ವಿಮರ್ಶಕರು 91 ಕೊಟ್ಟಿದ್ದಾರೆ, ನೋಡು, ಅವನೊಬ್ಬನೇ ತಪ್ಪು ಅಂದೆ. ಆ 91 ಏನು ಅಂತ ಸ್ವಲ್ಪ ನೋಡು. ನೂರಕ್ಕೆ 91 ಅಂಕ ಅಂತ ಅದರ ಅರ್ಥ ಅಲ್ಲ. ನೂರರಲ್ಲಿ 91 ಜನ ಪರವಾಗಿಲ್ಲ, ನೋಡಬಹುದು ಅಂದಿದ್ದಾರೆ ಅಷ್ಟೇ. ಸುಮಾರಾಗಿದೆ ಅಂದವನೂ ಅದರಲ್ಲಿದ್ದಾನೆ, ನಿನ್ನ ಹಾಗೆ ಹುಚ್ಚು ಹಿಡಿಸಿಕೊಂಡವನೂ ಇದ್ದಾನೆ. ಅದೇ ಪುಟದಲ್ಲಿ ಪ್ರೇಕ್ಷಕರದ್ದು 40ರ ಆಸುಪಾಸು ಇದೆ. ಆಗ ಟಿಕೆಟ್ ತಗೊಂಡಿದ್ದಾರೋ ಇಲ್ಲವೋ ಯಾರೂ ನೋಡುತ್ತಿರಲಿಲ್ಲ, ಯಾರು ಬೇಕಾದರೂ ಹಾಕಬಹುದಿತ್ತು. ಟಿಕೆಟ್ ತಗೊಂಡದ್ದು ಖಾತ್ರಿಯಾದವರನ್ನು ಬೇರೆಯಾಗಿ ಎಣಿಸಲು ಶುರು ಮಾಡಿದ್ದು 2019ರಲ್ಲಿ. ಥಿಯೇಟರಿನಿಂದ ಹೊರಗೆ ಬಂದವರ ಕೈಗೇ ಚೀಟಿ ಕೊಟ್ಟು ಕೇಳುವ ಸಿನಿಮಾಸ್ಕೋರ್‌ನವರಿಗೆ ಸಿಕ್ಕ ಉತ್ತರ 'ಎ'. ಈಗ ಇದರಲ್ಲಿ ಯಾವುದನ್ನು ಅಭಿಮಾನಿಗಳ ಮಾತು ಅನ್ನುವುದು? 2019ರಲ್ಲಿ ಬಂದ ಮುಂದಿನ ಭಾಗಕ್ಕೆ ಎಲ್ಲ ತಿರುವುಮುರುವು ಆಯಿತು. ವಿಮರ್ಶಕರಲ್ಲಿ ಅರ್ಧದಷ್ಟು ಜನ ಮಾತ್ರ ಒಪ್ಪಿದರು, ಪ್ರೇಕ್ಷಕರದ್ದು 86. ಅದೇ ಚೀಟಿಯವರಿಗೆ ಸಿಕ್ಕಿದ್ದು 'ಬಿ ಪ್ಲಸ್', ಅಂದರೆ ಮೊದಲಿಗಿಂತ ಕಡಿಮೆ. ಈ ಅಂಕಿಗಳನ್ನು ಹಿಡಿದು ಯಾರನ್ನೂ ಸೋಲಿಸಲು ಆಗಲ್ಲ, ಪುಟ್ಟಿ.

ಆ ಮುಂದಿನ ಭಾಗದಲ್ಲಿ ರೇಯನ್ನು ಖಳನಾಯಕನ ಮೊಮ್ಮಗಳು ಮಾಡಿಬಿಟ್ಟರಲ್ಲ, ಅವತ್ತು ನೀನು ಥಿಯೇಟರಿನಲ್ಲಿ ಕಲ್ಲಿನ ಹಾಗೆ ಕೂತಿದ್ದೆ. ಎಸ್ಸೆಸ್ಸೆಲ್ಸಿ ವರ್ಷ ಅದು. ಯಾರ ಮಗಳೂ ಅಲ್ಲದ ಹುಡುಗಿಯನ್ನು ನಿನ್ನಿಂದ ಕಿತ್ತುಕೊಂಡರು. ಅವತ್ತು ನಿನ್ನ ಹುಡುಗನೂ ಸಿಟ್ಟಾಗಿದ್ದ, ಅವಳ ವಿಷಯದಲ್ಲಿ ಹಿಂದಿನ ಸಿನಿಮಾನೇ ಸರಿಯಾಗಿತ್ತು ಅಂದ. ನೀನು ಓಡಿ ಬಂದು ನನಗೆ ತೋರಿಸಿದೆ. ಅವತ್ತೇ ಮತ್ತೆ ಸಬ್‌ಸ್ಕ್ರೈಬ್ ಮಾಡಿದೆ. ನನಗೆ ಸಂತೋಷವೂ ಆಯಿತು, ಸ್ವಲ್ಪ ಕಸಿವಿಸಿಯೂ ಆಯಿತು. ಒಪ್ಪಿದರೆ ನಮ್ಮವನು, ಒಪ್ಪದಿದ್ದರೆ ಹೊರಗಿನವನು, ಹಾಗಾ?

ನನಗೆ ಒಂದು ಅನ್ನಿಸುತ್ತದೆ. ಪೇಪರಿನಲ್ಲಿ ವಿಮರ್ಶೆ ಓದುವಾಗ ನಮಗೆ ಬರೆದವರ ಮುಖ ಗೊತ್ತಿರುತ್ತಿರಲಿಲ್ಲ. ಒಪ್ಪದಿದ್ದರೆ ಪೇಪರ್ ಮಡಚಿ ಇಡುತ್ತಿದ್ದೆವು. ನೀವು ಅವರ ಮುಖ ನೋಡುತ್ತೀರಿ, ಅವರ ರೂಮು, ಹಿಂದಿನ ಬೀರು, ಅವರ ಬೆಕ್ಕು ಎಲ್ಲ ನಿಮಗೆ ಗೊತ್ತು, ರಾತ್ರಿ ಒಬ್ಬರೇ ಇಯರ್‌ಫೋನ್ ಹಾಕಿಕೊಂಡು ಅವರ ಮಾತು ಕೇಳುತ್ತೀರಿ, ಮನೆಯ ಅಣ್ಣ ಮಾತಾಡಿದ ಹಾಗೇ ಇರುತ್ತದೆ. ಅಣ್ಣ ಎದುರು ಮಾತಾಡಿದರೆ ನೋವಾಗುವುದು ಸಹಜ. ಅದನ್ನು ನಾನು ಚಿಕ್ಕ ವಿಷಯ ಅನ್ನಲ್ಲ.

ಆದರೆ ಆ ನೋವು ಎಲ್ಲಿಗೆ ಹೋಗಿ ಮುಟ್ಟಬಹುದು ಅಂತ ನಾವು ಅದೇ ಸಿನಿಮಾದಲ್ಲಿ ನೋಡಿದೆವು. ರೋಸ್ ಪಾತ್ರ ಮಾಡಿದ ಕೆಲ್ಲಿ ಮೇರಿ ಟ್ರಾನ್, ವಿಯೆಟ್ನಾಮಿನಿಂದ ನಿರಾಶ್ರಿತರಾಗಿ ಬಂದವರ ಮಗಳು. ಪಾತ್ರ ಹಿಡಿಸದವರು ಆ ಹುಡುಗಿಯ ಬಣ್ಣ, ಮೈಕಟ್ಟು, ಹುಟ್ಟು ಎಲ್ಲವನ್ನೂ ಬೈದರು. 2018ರ ಜೂನ್‌ನಲ್ಲಿ ಅವಳು ಇನ್‌ಸ್ಟಾಗ್ರಾಂನಲ್ಲಿದ್ದ ಎಲ್ಲವನ್ನೂ ಅಳಿಸಿಹಾಕಿದಳು. ಅದೇ ವರ್ಷ ಮಾರ್ಟನ್ ಬೇ ಅನ್ನುವ ಸಂಶೋಧಕರು ನಿರ್ದೇಶಕರಿಗೆ ಬಂದ 967 ಟ್ವೀಟ್‌ಗಳನ್ನು ಒಂದೊಂದಾಗಿ ನೋಡಿದರು. ಸಿನಿಮಾವನ್ನು ಬೈದವು ಐದರಲ್ಲಿ ಒಂದು ಪಾಲು ಮಾತ್ರ, ಅದರಲ್ಲೂ ಅರ್ಧಕ್ಕಿಂತ ಜಾಸ್ತಿ ರಾಜಕೀಯಕ್ಕೆ ಬಂದವರದ್ದು, ಬೇಕಂತಲೇ ಕೆಣಕುವವರದ್ದು, ಇಲ್ಲ ಮನುಷ್ಯರೇ ಅಲ್ಲದ ಖಾತೆಗಳದ್ದು ಅಂತ ಕಂಡಿತು. ಉಳಿದವರು ನನ್ನಂಥವರು, ಲ್ಯೂಕ್‌ಗಾಗಿ ನಿಜವಾಗಿ ನೊಂದವರು. ಆ ಗದ್ದಲದಲ್ಲಿ ನಮ್ಮ ಮಾತು ಯಾರಿಗೂ ಕೇಳಿಸಲಿಲ್ಲ. ನೀನು ಹದಿಮೂರನೇ ವಯಸ್ಸಿನಲ್ಲೂ ಆ ಹುಡುಗನಿಗೆ ಒಂದು ಕೆಟ್ಟ ಮಾತು ಬರೆಯಲಿಲ್ಲ. ಅಳುವಷ್ಟು ನೋವಾದರೂ ಬರೆಯಲಿಲ್ಲ. ಅದನ್ನು ನಾನು ನೆನಪಿಟ್ಟುಕೊಂಡಿದ್ದೇನೆ.

ಸೋಮವಾರ ರಾತ್ರಿ ನಿನ್ನಮ್ಮ ಮಲಗಿದ ಮೇಲೆ ಆ ವಿಡಿಯೋ ಮೊದಲಿನಿಂದ ಹಾಕಿದೆ. ನಿಧಾನಕ್ಕೆ, ಅರ್ಥವಾಗದ ಕಡೆ ಹಿಂದಕ್ಕೆ ಹೋಗಿ ಹೋಗಿ ನೋಡಿದೆ. ಅವನಿಗೂ ಈಗ ತಲೆಯಲ್ಲಿ ಅಲ್ಲಲ್ಲಿ ನರೆ ಬಂದಿದೆ, ಗಮನಿಸಿದೆಯಾ? ಮೂವತ್ತನೇ ನಿಮಿಷದ ಹತ್ತಿರ, ಚಿಕ್ಕವನಿದ್ದಾಗ ಅಪ್ಪನ ಜೊತೆ ಕ್ಯಾಸೆಟ್ಟಿನಲ್ಲಿ ಲ್ಯೂಕ್‌ನನ್ನು ನೋಡಿದ್ದು ಹೇಳುತ್ತಾನೆ. ಟೇಪು ಸವೆದು ಚಿತ್ರ ಅಲುಗಾಡುತ್ತಿದ್ದದ್ದನ್ನೂ ಹೇಳುತ್ತಾನೆ. ಅದಕ್ಕೇ ನನಗೆ ಈ ಲ್ಯೂಕ್‌ನನ್ನು ಒಪ್ಪಲು ಆಗುತ್ತಿಲ್ಲ ಅನ್ನುತ್ತಾನೆ. ಅವನಿಗೆ ಅರ್ಥವಾಗಿಲ್ಲ ಅಂತಲ್ಲ ಪುಟ್ಟಿ. ಅವನು ಹೇಳುತ್ತಿರುವುದು ನಿನ್ನಪ್ಪನ ಮಾತು. ನಾನು ಇಷ್ಟು ವರ್ಷ ನಿನ್ನ ಎದುರು ಬಾಯಿಬಿಟ್ಟು ಹೇಳದೇ ಇದ್ದದ್ದನ್ನು ಅವನು ಹೇಳಿದ್ದಾನೆ.

ನೀನು ರೇಯನ್ನು ನೋಡುವಾಗ ನಾವು ಲ್ಯೂಕ್‌ನನ್ನು ನೋಡುತ್ತಿದ್ದೆವು. ಒಂದೇ ಸಿನಿಮಾ, ಪಕ್ಕಪಕ್ಕದ ಸೀಟು.

ಯುಗಾದಿಗೆ ಎರಡು ದಿನ ರಜೆ ಜಾಸ್ತಿ ಹಾಕಿ ಬಾ. ಅಟ್ಟದ ಮೇಲಿಂದ ಎಂಪೈರ್ ಕ್ಯಾಸೆಟ್ ಇಳಿಸಿದ್ದೇನೆ, ವಿಸಿಆರ್ ರಿಪೇರಿಗೆ ಒಬ್ಬರು ಸಿಕ್ಕಿದ್ದಾರೆ. ಮೊದಲು ಅದನ್ನು ನೋಡೋಣ. ಆಮೇಲೆ ಆ ವಿಡಿಯೋ. ನಾನೂ ಅದನ್ನು 42ನೇ ನಿಮಿಷಕ್ಕೇ ನಿಲ್ಲಿಸಿದ್ದೇನೆ. ಅವನು ಕೈ ಎತ್ತಿಕೊಂಡು ಹಾಗೇ ಕೂತಿದ್ದಾನೆ.

ಇಂತಿ ನಿನ್ನ ಪ್ರೀತಿಯ
ಅಪ್ಪ