ದುಡೀತಾ ಓದೋರಿಗೆ ಬಿ.ಎಡ್‌ಗೊಂದು ನೇರ ದಾರಿ ಬೇಕು

ಮಾನ್ಯ ಸಂಪಾದಕರೇ,

2025ರ ಸೆಪ್ಟೆಂಬರ್ 1ಕ್ಕೆ ಸುಪ್ರೀಂ ಕೋರ್ಟಿನ ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ತೀರ್ಪು ಬಂದಾಗಿಂದ ಪೇಪರ್ ತೆಗೆದ್ರೆ ಅದೇ ಚರ್ಚೆ. ರಿಟೈರ್ಮೆಂಟಿಗೆ ಐದು ವರ್ಷಕ್ಕಿಂತ ಜಾಸ್ತಿ ಇರೋ ಮಾಸ್ತರು, ಅಕ್ಕೋರುಗಳೆಲ್ಲ ಎರಡು ವರ್ಷದೊಳಗೆ ಟಿಇಟಿ ಪಾಸಾಗ್ಬೇಕು ಅನ್ನೋದು ಅನ್ಯಾಯ ಅಂತ ಕೆಲವರು, ಮಕ್ಕಳಿಗೆ ಪರೀಕ್ಷೆ ಮಾಡೋರು ತಾವೂ ಒಂದು ಬರೀಲಿ ಬಿಡಿ ಎಂತ ಆಗ್ತದೆ ಅಂತ ಕೆಲವರು. ಇಬ್ರ ಮಾತಲ್ಲೂ ನ್ಯಾಯ ಇದೆ, ಆದ್ರೆ ಇದೆಲ್ಲ ಈಗಾಗ್ಲೇ ಕೆಲಸದಲ್ಲಿ ಇರೋರ ವಿಷಯ ಆಯ್ತು. ನಾನು ಬರೀತಾ ಇರೋದು ಇನ್ನೂ ಬಾಗಿಲ ಹೊರಗೆ ನಿಂತಿರೋರ ಬಗ್ಗೆ, ಅದ್ರಲ್ಲೂ ವಯಸ್ಸು ಮೂವತ್ತೈದು ದಾಟಿ, ಮನೆ ಮಕ್ಕಳು ಸಂಘದ ಸಾಲ ಎಲ್ಲ ಬೆನ್ನಿಗೆ ಕಟ್ಕೊಂಡು, ಈಗ ಮತ್ತೆ ಓದಿ ಟೀಚರ್ ಆಗ್ತೇವೆ ಅಂತ ಹೊರಟೋರ ಬಗ್ಗೆ. ನಮ್ಮ ಉತ್ತರ ಕನ್ನಡ ಜಿಲ್ಲೆಲಿ ಕಾರವಾರದಿಂದ ಭಟ್ಕಳದವರೆಗೆ, ಘಟ್ಟದ ಮೇಲೆ ಶಿರಸಿ ಸಿದ್ದಾಪುರದಲ್ಲೂ ಕೇಳಿ ನೋಡಿ, ಇಂಥವರು ಊರಿಗೊಬ್ರು ಸಿಕ್ತಾರೆ. ನಾನೂ ಒಬ್ಳು.

ನಂದು ಅಂಕೋಲಾ ತಾಲೂಕು. ಬಿ.ಎ ಮುಗಿಸಿದ ವರ್ಷವೇ ಮದುವೆ ಆಯ್ತು, ಆಮೇಲೆ ಮಕ್ಕಳು, ಆಮೇಲೆ ಒಂದು ಸೊಸೈಟಿಯ ಪಿಗ್ಮಿ ಕಲೆಕ್ಷನ್. ಮಶೀನ್ ಹಿಡ್ಕೊಂಡು ಅಂಗಡಿ ಅಂಗಡಿ ತಿರುಗೋ ಕೆಲಸ, ಮೀನು ಮಾರ್ಕೆಟ್ಟಿಂದ ಹಿಡಿದು ಹಿಟ್ಟಿನ ಗಿರಣಿ, ಗ್ಯಾರೇಜು, ತರಕಾರಿ ಬುಟ್ಟಿ ಇಟ್ಕೊಂಡು ಕೂತ ಹಾಲಕ್ಕಿ ಅಜ್ಜಿಯವರೆಗೆ ಎಲ್ರೂ ಗುರ್ತದವ್ರೇ. ಟೀಚರ್ ಆಗೋದು ಚಿಕ್ಕಂದಿನ ಕನಸು ಗಿನಸು ಎಂತ ಅಲ್ಲ. ಸಂಜೆ ಕೇರಿ ಮಕ್ಕಳಿಗೆ ಟ್ಯೂಷನ್ ಹೇಳ್ತಾ ಹೇಳ್ತಾ ಈ ಕೆಲಸ ನಂಗೆ ಬರ್ತದೆ ಅಂತ ಗೊತ್ತಾಯ್ತು, ಅಷ್ಟೇ. ಬಿ.ಎಡ್‌ಗೆ ಅರ್ಜಿ ಹಾಕಿದಾಗ ಪಕ್ಕದ್ಮನೆಯವ್ರು "ಮಗಳು ಪಿಯುಸಿ ಓದೂ ಹೊತ್ತಿಗೆ ನೀ ಅಕ್ಕೋರಾಗೂಕೆ ಹೊಂಟ್ಯಾ" ಅಂತ ನಕ್ಕಿದ್ರು. ನಮ್ಮತ್ತೆ ಮಾತ್ರ "ಹೋಗಿ ನೋಡು, ಬಸ್ಸಿಗಂತೂ ದುಡ್ಡು ಬೇಡ" ಅಂದ್ರು. ಅದು ತಮಾಷೆ ಮಾತಲ್ಲ ಸಂಪಾದಕರೇ, 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಗದೇ ಇದ್ದಿದ್ರೆ ನಮ್ಮ ಕ್ಲಾಸಲ್ಲಿ ಈಗಿರೋ ಮದುವೆಯಾದ ಹೆಂಗಸರಲ್ಲಿ ಎಷ್ಟೋ ಜನ ಬಸ್ ಪಾಸಿನ ಲೆಕ್ಕಕ್ಕೇ ಹಿಂದೆ ಸರೀತಿದ್ರು. ಫ್ರೀ ಬಸ್ಸಿಂದ ಎಂತ ಆಯ್ತು ಅಂತ ಕೇಳೋರು ಬೆಳಿಗ್ಗೆ ಕುಮಟಾ ಬಸ್ಸು ಹತ್ತಿ ನೋಡ್ಬೇಕು.

ಈಗ ವಿಷಯಕ್ಕೆ ಬರ್ತೇನೆ. ಮೊದಲು ಬಿ.ಎಡ್ ಒಂದೇ ವರ್ಷ ಇತ್ತು. ಶಿಕ್ಷಕರ ತರಬೇತಿಗೆ ನಿಯಮ ಮಾಡೋ ಕೇಂದ್ರದ ಮಂಡಳಿ ಎನ್‌ಸಿಟಿಇ 2014ರ ನಿಯಮ ಮಾಡಿದ ಮೇಲೆ, 2015ರಿಂದ ಎರಡು ವರ್ಷ ಆಯ್ತು. ವರ್ಷಕ್ಕೆ ಕಮ್ಮಿ ಅಂದ್ರೂ 200 ದಿನ ಕಾಲೇಜು, ಹಾಜರಿ ನೂರಕ್ಕೆ 80, ಶಾಲೆಗೆ ಪಾಠ ಮಾಡೋಕೆ ಹೋದಾಗ ನೂರಕ್ಕೆ 90, ಎರಡೂ ವರ್ಷದ್ದು ಸೇರಿ 20 ವಾರ ಶಾಲೆಯಲ್ಲಿ ಇರ್ಬೇಕು. ಇದ್ರಲ್ಲಿ ಒಂದೂ ತಪ್ಪು ಅಂತ ನಾನು ಹೇಳೋದಿಲ್ಲ, ಶಾಲೆಗೆ ಹೋಗದೇ ಮೇಷ್ಟ್ರಾಗೋದು ನೀರಿಗಿಳೀದೇ ಈಜು ಕಲ್ತ ಹಾಗೆ. ಆದ್ರೆ ಈ ನಿಯಮ ಬರೆದವರ ತಲೇಲಿ ಇದ್ದದ್ದು ಇಪ್ಪತ್ತೊಂದು ಇಪ್ಪತ್ತೆರಡು ವರ್ಷದ, ಅಪ್ಪ ಫೀ ಕಟ್ಟೋ, ಮನೇಲಿ ಅಮ್ಮ ಊಟ ಹಾಕೋ ಹುಡುಗ ಹುಡುಗಿ. ದಿನಾ ದುಡಿದು ತಿನ್ನೋನು ಎರಡು ವರ್ಷ ಬೆಳಿಗ್ಗೆಯಿಂದ ಸಂಜೆವರೆಗೆ ಬೆಂಚ್ ಮೇಲೆ ಕೂತ್ರೆ ಮನೆ ಒಲೆ ಹೇಗೆ ಉರೀಬೇಕು? ನಾನು ಪಿಗ್ಮಿಯನ್ನ ಬಸ್ಸಿಗಿಂತ ಮುಂಚೆ ಸ್ವಲ್ಪ, ಕಾಲೇಜು ಬಿಟ್ಟು ಬಂದ ಮೇಲೆ ಸ್ವಲ್ಪ ಅಂತ ಹಂಚಿಕೊಂಡಿದ್ದೇನೆ, ಮೀನು ಮಾರ್ಕೆಟ್ ಲೈನು ನಾದಿನಿ ನೋಡ್ಕೋತಾಳೆ, ಕಮಿಷನ್ನು ಅರ್ಧಕ್ಕೆ ಇಳಿದಿದೆ. ನಂದು ಹೇಗೋ ನಡೀತದೆ, ಗಂಡನ ದುಡಿಮೆ ಇದೆ. ಗೋವಾದಲ್ಲಿ ಹೋಟೆಲ್ ಕೆಲಸ ಬಿಟ್ಟು ಬಂದ ಹುಡುಗನೊಬ್ಬ ಮೊದಲ ಸೆಮಿಸ್ಟರ್ ಪರೀಕ್ಷೆಗೂ ಕೂರಲಿಲ್ಲ, ವಾಪಸ್ ಮಡಗಾಂವಿಗೆ ಹೋದ. ಒಳ್ಳೇ ಗಣಿತ ಬರ್ತಿತ್ತು ಅವನಿಗೆ.

ದೂರಶಿಕ್ಷಣದಲ್ಲಿ ಮಾಡಬಹುದಲ್ಲ ಅಂತ ಎಲ್ರೂ ಹೇಳ್ತಾರೆ. ಆಗೋದಿಲ್ಲ. ಮೈಸೂರು ಮುಕ್ತ ವಿವಿ ಇರ್ಲಿ ಇಗ್ನೋ ಇರ್ಲಿ, ದೂರಶಿಕ್ಷಣದ ಬಿ.ಎಡ್ ಇರೋದು ಮೊದಲೇ ಟ್ರೇನಿಂಗ್ ಆಗಿ ಪ್ರೈಮರಿ ಶಾಲೇಲಿ ಕೆಲಸದಲ್ಲಿರೋ ಶಿಕ್ಷಕರಿಗೆ, ಇಲ್ಲ ಅಂದ್ರೆ ಡಿ.ಎಡ್ ಥರದ್ದು ರೆಗ್ಯುಲರ್ ಆಗಿ ಮುಗಿಸಿದವರಿಗೆ. ಹೊರಗಿಂದ ಹೊಸದಾಗಿ ಬರೋರಿಗೆ ಆ ಬಾಗಿಲು ಇಲ್ಲ. ಹಾಗಾದ್ರೆ ಪ್ರೈಮರಿ ಟೀಚರ್ ಟ್ರೇನಿಂಗಿನ ಡಿ.ಎಲ್.ಎಡ್ ಮಾಡಿ ಅಂತೀರಾ, ಅದೂ ಎರಡು ವರ್ಷ, ಅದೂ ದಿನಪೂರ್ತಿ. ಮೇಲಿಂದ 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ಒಂದರಿಂದ ಐದನೇ ಕ್ಲಾಸಿಗೆ ಬಿ.ಎಡ್ ನಡೆಯೋದಿಲ್ಲ ಅಂತ ಹೇಳಿ ಆಯ್ತು, ಅದು ಸರಿಯಾದ ತೀರ್ಪೇ, ಚಿಕ್ಕ ಮಕ್ಕಳಿಗೆ ಕಲಿಸೋ ವಿದ್ಯೆ ಬೇರೆ, ಆದ್ರೆ ವಯಸ್ಸಾದ್ಮೇಲೆ ಓದೋಕೆ ಬಂದವರು ಒಂದು ಸಲ ಒಂದು ದಾರಿ ಹಿಡಿದ್ರೆ ಮತ್ತೆ ಇನ್ನೊಂದಕ್ಕೆ ಹೊರಳೋಕೆ ಪುರುಸೊತ್ತು ಎಲ್ಲಿಂದ ತರೋದು.

ನೇರ ದಾರಿ ಇಲ್ಲ ಅಂದ್ಮೇಲೆ ಕಳ್ಳದಾರಿ ಹುಟ್ಟೇ ಹುಟ್ತದೆ. ನಾನು ಸೀಟಿಗೆ ವಿಚಾರಿಸ್ತಾ ಇದ್ದಾಗ ಏಜೆಂಟ್ ಅಂತ ಹೇಳ್ಕೊಂಡ ಒಬ್ರು ಫೋನ್ ಮಾಡಿದ್ರು, ಘಟ್ಟದಾಚೆ ಯಾವುದೋ ಕಾಲೇಜಿನ ಹೆಸರು ಹೇಳಿ "ಮೇಡಂ ನೀವು ಬರೋದೇ ಬೇಡ, ಪರೀಕ್ಷೆಗೆ ಬಂದ್ರೆ ಸಾಕು, ಅಟೆಂಡೆನ್ಸು ಪಾಠ ಯೋಜನೆ ಪುಸ್ತಕ ಎಲ್ಲ ನಾವು ನೋಡ್ಕೋತೇವೆ, ಅದಕ್ಕೆ ಬೇರೆ ರೇಟು" ಅಂದ್ರು. ಎಷ್ಟು ಸಲೀಸಾಗಿ ಹೇಳಿದ್ರು ಅಂದ್ರೆ ಗ್ಯಾಸ್ ಬುಕಿಂಗ್ ಮಾಡೋರೂ ಅಷ್ಟು ಸಲೀಸಾಗಿ ಮಾತಾಡೋದಿಲ್ಲ. ನಾನು ಬೇಡ ಅಂದೆ. ಒಪ್ಪಿಕೊಂಡವರನ್ನ ಬಯ್ಯೋಕೆ ನಂಗೆ ಮನಸ್ಸು ಬರೋದಿಲ್ಲ, ಅವರಲ್ಲಿ ಅರ್ಧ ಜನಕ್ಕೆ ನಿಜವಾಗ್ಲೂ ಕಲೀಬೇಕು ಅಂತ ಇರ್ತದೆ, ದುಡಿಮೆ ಬಿಡೋಕೆ ಆಗೋದಿಲ್ಲ ಅಷ್ಟೇ. ಸರ್ಕಾರ ಹಾಜರಿಗೆ ಬಯೋಮೆಟ್ರಿಕ್ಕು ಕ್ಯಾಮರಾ ಎಂತ ಬೇಕಾದ್ರೂ ಹಾಕ್ಲಿ, ದುಡಿಯೋರಿಗೆ ಪ್ರಾಮಾಣಿಕವಾಗಿ ಹಾಜರಾಗೋ ಒಂದು ಟೈಮ್ ಟೇಬಲ್ ಕೊಡದೇ ಇದ್ರೆ ಈ ವ್ಯಾಪಾರ ನಿಲ್ಲೋದಿಲ್ಲ.

ಮತ್ತೆ ಇಷ್ಟು ವಯಸ್ಸಾದವರು ಬಂದು ಶಾಲೆಗೆ ಎಂತ ಉಪಕಾರ ಅಂತ ಕೇಳೋರಿಗೆ ನನ್ನ ಇಂಟರ್ನ್‌ಶಿಪ್ ವಿಷಯ ಹೇಳ್ತೇನೆ. ನಂದು ಕನ್ನಡ ಮತ್ತು ಸಮಾಜ ವಿಜ್ಞಾನ ಮೆಥಡ್, ಅಂದ್ರೆ ಕಲಿಸೋಕೆ ತರಬೇತಿ ತಗೊಳ್ಳೋ ವಿಷಯ. ಹೈಸ್ಕೂಲಲ್ಲಿ ಸ್ವಾತಂತ್ರ್ಯ ಹೋರಾಟದ ಪಾಠ ಬಂತು, ಉಪ್ಪಿನ ಸತ್ಯಾಗ್ರಹ. ಮಕ್ಕಳಿಗೆ ದಂಡಿ ಗೊತ್ತು, ಸಾಬರಮತಿ ಗೊತ್ತು, 1930ರ ಮಾರ್ಚ್ 12ಕ್ಕೆ ಹೊರಟಿದ್ದು ಅಂತ ತಾರೀಕು ಸಮೇತ ಹೇಳ್ತಾರೆ, ಆದ್ರೆ ಅದಾಗಿ ಒಂದೇ ತಿಂಗಳಲ್ಲಿ ಏಪ್ರಿಲ್ 13ಕ್ಕೆ ಇದೇ ಅಂಕೋಲೆಲಿ ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಜನ ಉಪ್ಪಿನ ಕಾಯ್ದೆ ಮುರಿದಿದ್ರು ಅಂತ ಅರ್ಧ ಕ್ಲಾಸಿಗೆ ಗೊತ್ತಿರಲಿಲ್ಲ, ಅಂಕೋಲೆಯ ಮಕ್ಕಳಿಗೇ! ನಾನು ಚಾರ್ಟು ಗೀರ್ಟು ಮಾಡೋಕೆ ಹೋಗ್ಲಿಲ್ಲ, ಸಾಣಿಕಟ್ಟಾದ ಕಲ್ಲುಪ್ಪು ಒಂದು ಪೊಟ್ಟಣ ತಗೊಂಡು ಹೋಗಿ ಎಲ್ರ ಕೈಗೆ ಒಂದೊಂದು ಹರಳು ಕೊಟ್ಟೆ, ಇದನ್ನ ಇಲ್ಲೇ ನಮ್ಮ ಗಜನಿ (ಉಪ್ಪು ನೀರು ನುಗ್ಗೋ ಗದ್ದೆ) ನೀರಲ್ಲಿ ಮಾಡೋಕೆ ಬರ್ತದೆ, ಇದಕ್ಕೆ ಪರದೇಶದವನಿಗೆ ತೆರಿಗೆ ಎಂತಕ್ಕೆ ಕೊಡ್ಬೇಕು ಅಂತ ಕೇಳಿದೆ. ಆಮೇಲೆ ಕರನಿರಾಕರಣೆ. ಆಗ ನಮ್ಮ ಜಿಲ್ಲೆ ಮುಂಬೈ ಪ್ರಾಂತ್ಯದಲ್ಲಿತ್ತು, ಅಂಕೋಲಾ ಸಿದ್ದಾಪುರದ ರೈತರು ಭೂಕಂದಾಯ ಕಟ್ಟೋದಿಲ್ಲ ಅಂತ ಕೂತ್ರು, ಸರ್ಕಾರ ಗದ್ದೆ ಮನೆ ಪಾತ್ರೆ ಪಗಡಿ ಎಲ್ಲ ಜಪ್ತಿ ಮಾಡ್ತು. ಹಾಗೆ ಗದ್ದೆ ಕಳ್ಕೊಂಡ ಮನೆಯವರೊಬ್ರು ನನ್ನ ಪಿಗ್ಮಿ ಗಿರಾಕಿ. ಅವರನ್ನ ಕೇಳಿ ಅವರಜ್ಜನ ಕಥೆ ಬರ್ಕೊಂಡು ಹೋಗಿ ಓದಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು "ಅಕ್ಕೋರೆ, ಕೊಟ್ಟ ಸಾಲ ಕಟ್ಲಿಲ್ಲ ಹೇಳಿ ಸೊಸೈಟಿಯವ್ರು ನಮ್ಮನೆ ದೋಣಿ ಮಶೀನ್ ತಗಂಡು ಹೋದ್ರಲಾ, ಅದೂ ಜಪ್ತಿಯೇ ಅಲ್ವಾ" ಅಂದ. ಇಡೀ ಕ್ಲಾಸು ನಗ್ತು, ನಾನು ನಗ್ಲಿಲ್ಲ, ಸೊಸೈಟಿ ಕೆಲಸ ಮಾಡಿದವಳಿಗೆ ಆ ಪ್ರಶ್ನೆ ಎಷ್ಟು ತೂಕದ್ದು ಅಂತ ಗೊತ್ತಿರ್ತದೆ. ಸಾಲ ಅಂದ್ರೆ ಎಂತ, ಕಂದಾಯ ಅಂದ್ರೆ ಎಂತ, ಎರಡರಲ್ಲೂ ಜಪ್ತಿ ಯಾವಾಗ ಬರ್ತದೆ, ಯಾವುದನ್ನ ಎಲ್ಲಿ ಪ್ರಶ್ನೆ ಮಾಡಬಹುದು ಅಂತ ಆ ಪೀರಿಯಡ್ ಪೂರ್ತಿ ಅದೇ ಆಯ್ತು. ಪಾಠ ಯೋಜನೆಯ ಪ್ರಕಾರ ಮುಗೀಬೇಕಾದ್ದು ಮುಗೀಲಿಲ್ಲ, ನೋಡೋಕೆ ಬಂದ ನಮ್ಮ ಕಾಲೇಜಿನ ಸರ್ ಸಮಯ ಪಾಲನೆಗೆ ಮಾರ್ಕ್ಸ್ ಕಟ್ ಮಾಡಿದ್ರು, ಮಾಡ್ಲಿ.

ಇಪ್ಪತ್ತೆರಡರ ನನ್ನ ಸಹಪಾಠಿಗಳು ನನಗಿಂತ ಚುರುಕು, ಪಿಪಿಟಿ ಮಾಡೋದು ಅವರೇ ಕಲಿಸಿದ್ದು, ಮಕ್ಕಳು ಹೇಗೆ ಕಲೀತಾರೆ ಅಂತ ಹೇಳಿದ ಪಿಯಾಜೆ ವೈಗಾಟ್ಸ್ಕಿ ಎಲ್ಲ ಅವರಿಗೆ ಬಾಯಿಪಾಠ. ಮೊದಲು ಆಂಟಿ ಅಂತಿದ್ರು, ಈಗ ಅಕ್ಕಾ ಅಂತಾರೆ, ಅದೇ ಒಂದು ಪ್ರಮೋಷನ್ನು. ಶಾಲೆಗೆ ಅವರೂ ಬೇಕು. ಆದ್ರೆ ಸಾಲ, ಆಸ್ಪತ್ರೆ, ಮೀನು ಸಿಗದ ಜೂನ್ ಜುಲೈ ಇದನ್ನೆಲ್ಲ ಕಂಡು ಬಂದವರೂ ಸ್ಟಾಫ್ ರೂಮಲ್ಲಿ ಒಬ್ರು ಇದ್ರೆ ನಮ್ಮ ಕರಾವಳಿ ಮಕ್ಕಳಿಗೆ ಒಳ್ಳೇದು. ಕಾರವಾರ ಜೋಯ್ಡಾ ಕಡೆ ಮನೇಲಿ ಕೊಂಕಣಿ ಮಾತಾಡಿ ಕನ್ನಡ ಶಾಲೆಗೆ ಬರೋ ಮಗುವಿಗೆ ಅದೇ ಊರಲ್ಲಿ ಬಾಳಿದ ಅಕ್ಕೋರು ಸಿಕ್ರೆ ಎಷ್ಟು ಧೈರ್ಯ ಬರ್ತದೆ ಅಂತ ಬಿಡಿಸಿ ಹೇಳೋದು ಬೇಡ.

ಹಾಗಾಗಿ ನಂದು ಒಂದೇ ಬೇಡಿಕೆ. 2014ರ ಅದೇ ಎನ್‌ಸಿಟಿಇ ನಿಯಮಗಳಲ್ಲಿ ಪಾರ್ಟ್ ಟೈಮ್ ಬಿ.ಎಡ್ ಅಂತ ಮೂರು ವರ್ಷದ ಕೋರ್ಸಿನ ಹೆಸರೂ ಇದೆ. ಕಾಗದದ ಮೇಲಿದ್ದದ್ದನ್ನ ನೆಲಕ್ಕೆ ಇಳಿಸಿ, ಮೊದಲ ಸಲ ಟೀಚರ್ ಆಗೋಕೆ ಹೊರಟ ದುಡಿಯೋ ಜನಕ್ಕೂ ಅದನ್ನ ತೆರೀರಿ. ಜಿಲ್ಲೆಲಿ ಶೈಕ್ಷಣಿಕ ಜಿಲ್ಲೆ ಎರಡು, ಕಾರವಾರ ಮತ್ತೆ ಶಿರಸಿ, ಕರಾವಳಿಗೊಂದು ಘಟ್ಟದ ಮೇಲೊಂದು ಕಾಲೇಜಲ್ಲಿ ಸಂಜೆ ಮತ್ತೆ ಶನಿವಾರ ಭಾನುವಾರದ ಬ್ಯಾಚ್ ಸಾಕು. ಎರಡು ಕಡೆ ಎಂತಕ್ಕೆ ಅಂದ್ರೆ ಮಳೆಗಾಲದಲ್ಲಿ ಘಟ್ಟದ ರಸ್ತೆ ನಂಬೋ ಹಾಗಿಲ್ಲ, 2024ರ ಜುಲೈಲಿ ಶಿರೂರಲ್ಲಿ ಗುಡ್ಡ ಕುಸಿದಾಗ ಹೆದ್ದಾರಿಯೇ ಬಂದ್ ಆಗಿ ಅಂಕೋಲೆಯವರಿಗೆ ಪಕ್ಕದ ಕುಮಟೆಯೇ ದೂರ ಆಗಿತ್ತು. ಹಾಜರಿ ನೂರಕ್ಕೆ 80 ಇರ್ಲಿ, ಒಂದು ಪಾಯಿಂಟೂ ಇಳಿಸೋದು ಬೇಡ. 20 ವಾರದ ಶಾಲೆ ಕೆಲಸ ಮಾತ್ರ ಹಗಲಲ್ಲೇ ಆಗ್ಬೇಕು, ಅದಕ್ಕೆ ಬೇರೆ ಉಪಾಯ ಇಲ್ಲ, ಆದ್ರೆ ಅದನ್ನ ಮೂರು ವರ್ಷಕ್ಕೆ ಹಂಚಿ, ಆ ವಾರಗಳಿಗೆ ಒಂದು ಸಣ್ಣ ಗೌರವಧನ ಕೊಡಿ. ಹೇಗೂ ಹಳ್ಳಿ ಶಾಲೆಗಳು ಅತಿಥಿ ಶಿಕ್ಷಕರ ಮೇಲೆ ನಿಂತಿವೆ, ಅವರಿಗೆ ಕೊಡೋ ತಿಂಗಳ ಹತ್ತು ಹನ್ನೆರಡು ಸಾವಿರದ ಲೆಕ್ಕದಲ್ಲೇ ವಾರಕ್ಕಿಷ್ಟು ಅಂತ ಕೊಟ್ರೂ ನಡೀತದೆ. ಸಂಜೆ ಓದಿದ್ರೆ ಗುಣಮಟ್ಟ ಬೀಳ್ತದೆ ಅನ್ನೋರಿಗೆ, ಬೆಂಗಳೂರಲ್ಲಿ ಈವನಿಂಗ್ ಕಾಲೇಜಲ್ಲಿ ಬಿ.ಕಾಂ ಓದಿ ಬ್ಯಾಂಕ್ ಮ್ಯಾನೇಜರ್ ಆದವರ ಸಹಿಯನ್ನ ಯಾರಾದ್ರೂ ಇವತ್ತಿನವರೆಗೆ ಬೇಡ ಅಂದಿದ್ದಾರಾ?

ವಯಸ್ಸಿನ ವಿಷಯ ಒಂದು ಮಾತು. ಟಿಇಟಿ ಪಾಸಾದ್ರೆ ಅದು ಈಗ ಜೀವನಪೂರ್ತಿ ನಡೀತದೆ, 2021ರಲ್ಲಿ ಹಾಗೆ ಮಾಡಿದ್ದು ಒಳ್ಳೇದಾಯ್ತು, 150ಕ್ಕೆ 90 ತೆಗೆಯೋದು ಜನರಲ್‌ನವರಿಗೆ ಸುಲಭ ಅಲ್ಲ. ಆದ್ರೆ ನೇಮಕಾತಿಗೆ ವಯೋಮಿತಿ ಇದೆ, ನೋಟಿಫಿಕೇಶನ್ ಯಾವಾಗ ಬರ್ತದೆ ಅನ್ನೋದಕ್ಕೆ ಮಿತಿ ಇಲ್ಲ. 2022ರಲ್ಲಿ ಆರರಿಂದ ಎಂಟನೇ ಕ್ಲಾಸಿಗೆ 15,000 ಹುದ್ದೆ ಕರೆದ್ರು, ಮೇನಲ್ಲಿ ಪರೀಕ್ಷೆ ಆಯ್ತು, ಮದುವೆಯಾದ ಹೆಂಗಸರು ಕೊಡಬೇಕಾದ್ದು ಅಪ್ಪನ ಆದಾಯದ ಸರ್ಟಿಫಿಕೇಟಾ ಗಂಡನದ್ದಾ ಅನ್ನೋ ತಕರಾರು ಹೈಕೋರ್ಟಿಗೆ ಹೋಗಿ, ಆದೇಶ ಕೈಗೆ ಬರೋ ಹೊತ್ತಿಗೆ 2023 ಮುಗೀತಾ ಬಂದಿತ್ತು. ಕಾದವರ ವಯಸ್ಸಂತೂ ಅಷ್ಟರಲ್ಲಿ ಏರ್ತಾನೇ ಇತ್ತು. ವರ್ಷಾ ವರ್ಷಾ ಇಂಥ ತಿಂಗಳಲ್ಲೇ ಅಂತ ನೇಮಕಾತಿ ಮಾಡೋಕೆ ಆಗದೇ ಇದ್ರೆ, ಕಡೇಪಕ್ಷ ನಡುವೆ ಖಾಲಿ ಹೋದ ವರ್ಷಗಳನ್ನಾದ್ರೂ ವಯೋಮಿತಿಯಲ್ಲಿ ಬಿಟ್ಟುಕೊಡಿ.

ಸರ್ಕಾರ ಮಾಡ್ಲಿ ಅಂತ ಕೂರೋದು ನಮ್ಮ ಜಿಲ್ಲೆಯ ಅಭ್ಯಾಸ ಅಲ್ಲ. ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟ್ ಕಟ್ಟಿ ಊರೂರಲ್ಲಿ ಹೈಸ್ಕೂಲು ತೆರೆದದ್ದಕ್ಕೇ ನಮ್ಮಪ್ಪನ ಕಾಲದವರು ಎಸ್ಸೆಸ್ಸೆಲ್ಸಿ ಮುಖ ಕಂಡಿದ್ದು. ಈಗಲೂ ಜಿಲ್ಲೆಲಿ ಬಿ.ಎಡ್ ಕಾಲೇಜು ನಡೆಸೋ ಸಂಸ್ಥೆಗಳಿವೆ, ಎಲ್ಲವೂ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದವು. ಸಂಪಾದಕರೇ, ನಿಮ್ಮ ಜಿಲ್ಲಾ ವರದಿಗಾರರು ಒಂದು ಕೆಲಸ ಮಾಡ್ಲಿ, ಈ ಪಾರ್ಟ್ ಟೈಮ್ ಬ್ಯಾಚ್ ಶುರು ಮಾಡೋಕೆ ಯಾವ ಕಾಲೇಜಾದ್ರೂ ಅರ್ಜಿ ಹಾಕಿದ್ಯಾ, ಹಾಕದೇ ಇದ್ರೆ ತಡೆ ಎಲ್ಲಿದೆ, ಕಾಲೇಜಲ್ಲಾ ಯೂನಿವರ್ಸಿಟಿಯಲ್ಲಾ ಎನ್‌ಸಿಟಿಇಲಾ ಅಂತ ಮೂರೂ ಕಡೆ ಕೇಳಿ, ಬಂದ ಉತ್ತರವನ್ನ ಮುಂದಿನ ಅಡ್ಮಿಷನ್ ನೋಟಿಫಿಕೇಶನ್ ಬರೋ ಮುಂಚೆ ಪ್ರಿಂಟ್ ಮಾಡಿ.

ಇಂತಿ,
ಅಂಕೋಲಾ ತಾಲೂಕಿನ ಒಬ್ಬ ಬಿ.ಎಡ್ ವಿದ್ಯಾರ್ಥಿನಿ
(ಹೆಸರು ಹಾಕೋದು ಬೇಡ, ಪ್ರಾಕ್ಟಿಕಲ್ ಮಾರ್ಕ್ಸ್ ಇನ್ನೂ ಬಾಕಿ ಇದೆ)