ಅಕ್ಕಾ, ಅಪ್ಪ ಕೇಳಿದ್ದಕ್ಕೆ ಉತ್ತರ

ಐಂಡ್‌ಹೋವನ್, ನೆದರ್‌ಲ್ಯಾಂಡ್ಸ್
ಭಾನುವಾರ ರಾತ್ರಿ

ಪ್ರೀತಿಯ ಅಕ್ಕಾ,

ನಾವೆಲ್ಲ ಚೆನ್ನಾಗಿದ್ದೇವೆ. ಪುಟ್ಟನ ಶೀತ ಕಡಿಮೆಯಾಗಿದೆ. ನೀನು ಕಳಿಸಿದ ಹಲಸಿನ ಹಪ್ಪಳ ಸಿಕ್ಕಿತು.

ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ಫೋನಲ್ಲಿ ಹೇಳಿದರೆ ಅಪ್ಪನಿಗೆ ಕೇಳುತ್ತದೆ ಅಂತ ಬರೆದೆ ಅಲ್ವಾ? "ಅವಳಿರುವ ದೇಶದಲ್ಲಿ ಡಾಕ್ಟ್ರೇ ಇಂಜೆಕ್ಷನ್ ಕೊಟ್ಟು ಕಳಿಸ್ತಾರಂತೆ, ನನ್ನನ್ನು ಅಲ್ಲಿಗೆ ಕರೆಸಿಕೊಳ್ಳಲಿ" ಎಂದು ಅಪ್ಪ ಹೇಳಿದ್ದನ್ನು ಓದಿ ಆ ದಿನ ಕೆಲಸಕ್ಕೆ ಹೋಗಲು ಆಗಲಿಲ್ಲ. ಅಪ್ಪ ಪೇಪರಲ್ಲಿ ಓದಿದ್ದು ಇಲ್ಲಿನ ಹಳೇ ಪ್ರಧಾನಿ ಫಾನ್ ಆಖ್ತ್ ಅವರ ಸುದ್ದಿ ಇರಬೇಕು. 2024ರ ಫೆಬ್ರವರಿಯಲ್ಲಿ ಅವರೂ ಅವರ ಹೆಂಡತಿಯೂ ಕೈ ಹಿಡಿದುಕೊಂಡು ಒಟ್ಟಿಗೆ ಹೋದರು. ಇಬ್ಬರಿಗೂ 93 ವರ್ಷ. ಹೌದು ಅಕ್ಕಾ, ಅದು ನಿಜ. ಗುಣವಾಗದ ಸಂಕಟದಲ್ಲಿರುವವರು ಕೇಳಿಕೊಂಡರೆ ಡಾಕ್ಟ್ರೇ ಸಾವು ಕೊಡುವ ದಯಾಮರಣಕ್ಕೆ 2002ರಿಂದ ಇಲ್ಲಿ ಕಾನೂನಿದೆ.

ಆದರೆ ಇವರು ಕಲ್ಲು ಮನಸ್ಸಿನವರು ಅಂತ ಮಾತ್ರ ಅಂದುಕೊಳ್ಳಬೇಡ. ನಮ್ಮ ಪಕ್ಕದ ಮನೆಯ ಅಜ್ಜಿ ಹೋದವರ್ಷ ಹಾಗೇ ಹೋದರು. ಮೂಳೆಗೆಲ್ಲ ಕ್ಯಾನ್ಸರ್ ಹರಡಿತ್ತು. ಹಿಂದಿನ ದಿನ ನಮ್ಮನ್ನು ಕಾಫಿಗೆ ಕರೆದಿದ್ದರು. ನಾಳೆ ಎರಡು ಗಂಟೆಗೆ ಅಂತ ಅವರೇ ಹೇಳಿದರು, ಬಸ್ಸಿನ ಹೊತ್ತು ಹೇಳುವ ಹಾಗೆ. ನನಗೆ ಕಪ್ ಹಿಡಿಯಲು ಆಗಲಿಲ್ಲ. ಅವರೇ ನನ್ನ ಕೈ ಸವರಿದರು. ಮತ್ತೆ ಗೊತ್ತಾಯಿತು, ಅವರ ಮನೆ ಡಾಕ್ಟ್ರು ತಿಂಗಳುಗಟ್ಟಲೆ ಮಾತಾಡಿದ್ದರು, ಸಂಬಂಧವಿಲ್ಲದ ಇನ್ನೊಬ್ಬ ಡಾಕ್ಟ್ರು ಬಂದು ನೋಡಿದ್ದರು, ಆದ ಮೇಲೂ ಒಂದು ಸಮಿತಿ ಎಲ್ಲ ಕಾಗದ ತೆಗೆದು ಪರೀಕ್ಷೆ ಮಾಡುತ್ತದೆ. ಸುಮ್ನೆ ಕೇಳಿದವರಿಗೆಲ್ಲ ಕೊಡುವುದಿಲ್ಲ. ಇನ್ನೊಂದು, ಇಲ್ಲಿ ಸತ್ತ ದಿನವೇ ಸುಡುವುದಿಲ್ಲ, ಮೂವತ್ತಾರು ಗಂಟೆ ಕಾಯಲೇಬೇಕು, ಆರು ಕೆಲಸದ ದಿನದವರೆಗೂ ಇಡಬಹುದು. ಅಜ್ಜಿಯ ಪೆಟ್ಟಿಗೆ ಅವರ ಚಾವಡಿಯಲ್ಲೇ ಐದು ದಿನ ಇತ್ತು. ಮೊಮ್ಮಕ್ಕಳು ಅದರ ಮೇಲೆ ಹೂವಿನ ಚಿತ್ರ ಬಿಡಿಸಿದರು. ನಮ್ಮ ಬೊಜ್ಜದ, ಅಂದರೆ ಉತ್ತರಕ್ರಿಯೆಯ, ಊಟದ ಬದಲು ಕಾಫಿ, ಒಂದು ತುಂಡು ಕೇಕ್. ನನಗೆ ವಿಚಿತ್ರ ಅನಿಸಿತು, ಆದರೆ ಅಷ್ಟು ಶಾಂತವಾಗಿ ಹೋದವರನ್ನು ನಾನು ನೋಡಿರಲಿಲ್ಲ. ಅದು ತಪ್ಪು ಅಂತ ಹೇಳಲು ನನ್ನಿಂದ ಆಗುವುದಿಲ್ಲ.

ಅಪ್ಪನಿಗೆ ಅದು ಆಗುವುದಿಲ್ಲ. ರೋಗಿಯನ್ನು ಚೆನ್ನಾಗಿ ಬಲ್ಲ ಡಾಕ್ಟ್ರು ಬೇಕು, ವಿಮಾನ ಹತ್ತಿ ಬಂದವರಿಗೆ ಯಾರೂ ಮಾಡುವುದಿಲ್ಲ. ಮಾಡಿದರೂ ನಾನು ಕರೆಸುವುದಿಲ್ಲ. ಯಾಕೆ ಅಂದರೆ ಅಪ್ಪ ಕೇಳುತ್ತಿರುವುದು ಬೇರೆಯೇ ಅಂತ ನನಗೆ ಗಟ್ಟಿಯಾಗಿ ಅನಿಸುತ್ತದೆ. "ಅಮ್ಮನ ಹಾಗೆ ನನ್ನನ್ನು ಕಟ್ಟಿ ಹಾಕಬೇಡಿ" ಅಂದರು ಅಂತ ನೀನೇ ಬರೆದಿದ್ದೀಯ. ಹನ್ನೊಂದು ದಿನ, ಅಕ್ಕಾ. ಮಂಗಳೂರಿನ ಆ ಆಸ್ಪತ್ರೆಯ ಐಸಿಯು ಬಾಗಿಲಲ್ಲಿ ಹನ್ನೊಂದು ದಿನ ಅಪ್ಪ ಚಪ್ಪಲಿ ಕಳಚಿಟ್ಟು ಕೂತಿದ್ದರು. ಅಮ್ಮನ ಬಾಯಿಯಲ್ಲಿ ಪೈಪು, ಕೈ ಮಂಚಕ್ಕೆ ಕಟ್ಟಿತ್ತು. ಕೊನೆಗೊಂದು ಮಾತೂ ಆಡಲು ಬಿಡಲಿಲ್ಲ. ನಮ್ಮ ಕಾಸರಗೋಡಿನ ಪಡ್ರೆ ಕಡೆಯ ತಾಯಂದಿರು, ಗೇರು ತೋಟಕ್ಕೆ ಹೊಡೆದ ಎಂಡೋಸಲ್ಫಾನ್‌ನಿಂದ ಮಲಗಿದಲ್ಲೇ ಇರುವ ಮಕ್ಕಳ ತಾಯಂದಿರು, "ನನಗಿಂತ ಮೊದಲು ಇವನು ಹೋಗಲಿ" ಅನ್ನುವುದನ್ನು ನಾವು ಸಣ್ಣವರಿರುವಾಗಲೇ ಕೇಳಿದ್ದೇವೆ. ನಾನಿಲ್ಲದಾಗ ಇವನನ್ನು ನೋಡುವವರು ಯಾರು ಎಂಬ ಹೆದರಿಕೆ ಅದು. ಅಪ್ಪನದ್ದೂ ಹೆದರಿಕೆಯೇ.

ಮೊದಲು ನೋವು ಕಡಿಮೆ ಆಗಬೇಕು. ಪಂಚಾಯತಿನ ಪಾಲಿಯೇಟಿವ್ (ನೋವು ಕಡಿಮೆ ಮಾಡುವ ಆರೈಕೆಯ) ನರ್ಸ್‌ಗೆ ನಾಳೆಯೇ ಹೇಳಿಸು, ಮನೆಗೇ ಬರುತ್ತಾರೆ. ಮನೆಮನೆಗೆ ಹೋಗುವ ಇಂಥ ವ್ಯವಸ್ಥೆ ಕೇರಳದಲ್ಲಿ ಇರುವಷ್ಟು ದೇಶದಲ್ಲಿ ಬೇರೆಲ್ಲೂ ಇಲ್ಲ. 1993ರಲ್ಲಿ ಕೋಯಿಕ್ಕೋಡಿನ ಒಂದು ಸಣ್ಣ ಕ್ಲಿನಿಕ್ಕಿನಿಂದ ಶುರುವಾದದ್ದು, 2008ರಲ್ಲಿ ಸರ್ಕಾರದ ನೀತಿಯೇ ಆಯಿತು. ಇಲ್ಲಿ ನನ್ನ ಜೊತೆ ಕೆಲಸ ಮಾಡುವವರಿಗೆ ಇದನ್ನು ಹೇಳಿದಾಗ ನಂಬಲೇ ಇಲ್ಲ. ಮಾರ್ಫಿನ್ ಮಾತ್ರೆ ಅಂದರೆ ಶಂಕರ ಭಾವ ಬೇಡ ಅಂದರಂತೆ, ಬೇಗ ಸಾಯುತ್ತಾರೆ ಅಂತ. ಅದು ತಪ್ಪು, ಅವರಿಗೆ ನಾನೇ ಫೋನ್ ಮಾಡುತ್ತೇನೆ. ಡಾಕ್ಟ್ರು ಹೇಳಿದ ಲೆಕ್ಕದಲ್ಲಿ ಕೊಟ್ಟರೆ ಅದರಿಂದ ಸಾವು ಬೇಗ ಬರುವುದಿಲ್ಲ. ಎರಡು ಮೂರು ದಿನ ಮಂಪರು, ಓಕರಿಕೆ ಬರಬಹುದು. ಮಲಬದ್ಧತೆ ಹೆಚ್ಚಿನವರಿಗೆ ಆಗುತ್ತದೆ, ಅದಕ್ಕೂ ಜೊತೆಗೇ ಮದ್ದು ಕೇಳು. ಬಾಯಿ ಹುಣ್ಣಿನ ನೋವಿಗೇ ಊಟ ಬಿಟ್ಟಿರಬಹುದು, ಹಠಕ್ಕಲ್ಲ. ಒತ್ತಾಯಿಸಿ ಗಂಜಿ ಹಾಕಬೇಡ, ತುಟಿ ಒದ್ದೆ ಮಾಡುತ್ತಿರು.

ಇನ್ನೊಂದು, ಹೆದರಬೇಡ. ತೋಟದ ಮದ್ದು, ಮೈಲುತುತ್ತು ಎಲ್ಲ ಒಳಗಿಟ್ಟು ಬೀಗ ಹಾಕು. ರಾತ್ರಿ ಅಪ್ಪನ ಹತ್ತಿರ ಯಾರಾದರೂ ಮಲಗಿ. ಸಾಯಬೇಕು ಅನಿಸುತ್ತದಾ ಅಂತ ಡಾಕ್ಟ್ರ ಎದುರಲ್ಲೇ ಅಪ್ಪನನ್ನು ಕೇಳು, ಕೇಳಿದರೆ ಏನೂ ಕೆಟ್ಟದಾಗುವುದಿಲ್ಲ.

ಮಷಿನ್ ಬೇಡ ಎನ್ನುವುದಕ್ಕೆ ನಮ್ಮಲ್ಲೂ ದಾರಿಯಿದೆ. ಹೊನ್ನಾವರದ ಹಳದೀಪುರದವರು ಅರುಣಾ ಶಾನಭಾಗ್, ನರ್ಸ್, ಮುಂಬೈಯಲ್ಲಿ 1973ರಿಂದ ಸುಮಾರು 42 ವರ್ಷ ಪ್ರಜ್ಞೆಯಿಲ್ಲದೆ ಮಲಗಿದ್ದರು, ಅವರ ಕೇಸಿನಲ್ಲೇ 2011ರಲ್ಲಿ ಮೊದಲು ಬಾಗಿಲು ತೆರೆದದ್ದು. ಜೊತೆಯ ನರ್ಸ್‌ಗಳು ಮಾತ್ರ ಕೊನೆವರೆಗೂ ಬಿಟ್ಟುಕೊಡದೆ ನೋಡಿಕೊಂಡರು, ಅದನ್ನು ನೆನೆದರೆ ನನಗೆ ಈಗಲೂ ಅಳು ಬರುತ್ತದೆ. 2018ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಪೂರ್ತಿ ಒಪ್ಪಿತು. ಕೊನೆಗಾಲದಲ್ಲಿ ವೆಂಟಿಲೇಟರ್ ಬೇಡ ಅಂತ ಮೊದಲೇ ಬರೆದಿಡಬಹುದು. 2023ರಿಂದ ಅದು ಸುಲಭ ಆಗಿದೆ, ಇಬ್ಬರು ಸಾಕ್ಷಿ, ನೋಟರಿ ಸಹಿ ಸಾಕು. ಇಂಜೆಕ್ಷನ್ ಕೊಡುವುದು ಮಾತ್ರ ನಮ್ಮಲ್ಲಿ ಅಪರಾಧವೇ. ನೀನು ಅಪ್ಪನ ಹತ್ತಿರ ಕೂತು ಏನು ಬೇಕು, ಏನು ಬೇಡ, ಮನೆಯಲ್ಲೇ ಇರುವುದಾ ಅಂತ ಒಂದೊಂದೇ ಕೇಳಿ ಅವರ ಮಾತಲ್ಲೇ ಬರೆದುಕೋ.

ತಾಳಮದ್ದಳೆಯಲ್ಲಿ ಅಪ್ಪ ಭೀಷ್ಮನ ಅರ್ಥ ಹೇಳುತ್ತಿದ್ದದ್ದು ನೆನಪಿದೆಯಾ? ಇಚ್ಛಾಮರಣಿ ಭೀಷ್ಮನೂ ಶರಶಯ್ಯೆಯಲ್ಲಿ ಮೊದಲು ಕೇಳಿದ್ದು ತಲೆಗೆ ದಿಂಬು, ಆಮೇಲೆ ನೀರು. ಎರಡನ್ನೂ ಅರ್ಜುನ ಕೊಟ್ಟ. ಅಪ್ಪನಿಗೆ ಇದನ್ನು ನೆನಪಿಸು, ಮಗಳು ಕೇಳಿದಳು ಅಂತ ಹೇಳು, ನಿಮ್ಮ ದಿಂಬು ಯಾವುದು ಅಂತ.

ದುಡ್ಡಿನ ಚಿಂತೆ ಬೇಡ, ನಿನ್ನ ಖಾತೆಗೆ ಈಗಲೇ ಹಾಕುತ್ತೇನೆ. ಬಳೆ ಅಡವಿಡಬೇಡ. ಮುಂದಿನ ತಿಂಗಳು ರಜೆ ಸಿಗುತ್ತದೆ, ಸಿಗದಿದ್ದರೂ ಬರುತ್ತೇನೆ. ಎಲ್ಲ ಸರಿಯಾಗುತ್ತದೆ, ನೀನೊಬ್ಬಳೇ ಅಲ್ಲ, ನಾನಿದ್ದೇನೆ, ನಿಜವಾಗಿ ಇದ್ದೇನೆ. ನೀನೂ ಹೊತ್ತಿಗೆ ಊಟ ಮಾಡು. ಪುಟ್ಟ ಎದ್ದ, ಅಳುತ್ತಿದ್ದಾನೆ. ನರ್ಸ್ ಬಂದ ಕೂಡಲೇ ಎಷ್ಟು ಹೊತ್ತಾದರೂ ಫೋನ್ ಮಾಡು.

ನಿನ್ನ,
ತಂಗಿ