ಭಾನುವಾರದ ವಯಲಿನ್-ವಯೋಲಾ ಕಾರ್ಯಕ್ರಮ: ಜಾಗ ಬದಲಾಗಿದೆ

ಎಲ್ಲರಿಗೂ ನಮಸ್ಕಾರ. ಭಾನುವಾರ ಸಂಜೆ 4ಕ್ಕೆ ಅಕ್ಕ, ಭಾವ ಇಬ್ಬರೂ ನುಡಿಸುವುದು ಖಚಿತ, ಆದರೆ ಜಗಲಿಯಲ್ಲಿ ಅಲ್ಲ, ಒಳಗಿನ ಹಾಲ್‌ನಲ್ಲಿ. ಕಕ್ಕಡ ತಿಂಗಳ ಜೋರು ಮಳೆ ಜಗಲಿಯ ತಗಡಿನ ಮೇಲೆ ಬಿದ್ದರೆ ನಮಗೆ ನಮ್ಮ ಮಾತೇ ಕೇಳಿಸಲ್ಲ, ಇನ್ನು ಮೈಕ್ ಇಲ್ಲದ ವಾದ್ಯ ಎಲ್ಲಿ ಕೇಳಿಸುತ್ತದೆ? ಮೈಕ್ ಬೇಡ ಅಂತ ಅವರೇ ಹೇಳಿದ್ದಾರೆ. ಇದು ಕೋಣೆಯಲ್ಲಿ ಹತ್ತಿರ ಕೂತು ಕೇಳುವ ಸಂಗೀತ, ಅಷ್ಟೇ.

ಅಕ್ಕ ವಯಲಿನ್, ಭಾವ ವಯೋಲಾ. ವಯೋಲಾ ನೋಡೋಕೆ ವಯಲಿನ್ ತರಾನೇ, ಸ್ವಲ್ಪ ದೊಡ್ಡದು, ದನಿ ಇನ್ನೂ ತಗ್ಗು. ಯುರೋಪಿನ ಸಂಗೀತ ರಚನೆಕಾರ ಮೊಜಾರ್ಟ್ 1783ರಲ್ಲಿ ಈ ಎರಡೇ ವಾದ್ಯಕ್ಕೆ ಬರೆದ ಎರಡು ಕೃತಿಗಳನ್ನು ನುಡಿಸುತ್ತಾರೆ. ಗೆಳೆಯ ಮೈಕೆಲ್ ಹೈಡನ್ ಆರು ಬರೆದುಕೊಡಬೇಕಿತ್ತಂತೆ, ನಾಲ್ಕು ಮುಗಿಸುವಷ್ಟರಲ್ಲಿ ಹುಷಾರು ತಪ್ಪಿತಂತೆ, ಉಳಿದ ಎರಡನ್ನು ಮೊಜಾರ್ಟ್ ಬರೆದುಕೊಟ್ಟ ಅನ್ನೋ ಕಥೆ ಇದೆ.

ನಿನ್ನೆ ಅಭ್ಯಾಸದ ಹೊತ್ತಿಗೆ ಹೋಗಿದ್ದೆ. ತೇವಕ್ಕೆ ಶ್ರುತಿ ನಿಲ್ಲದೆ ಭಾವ ಬಿರಡೆ ತಿರುಗಿಸುತ್ತಲೇ ಇದ್ದರು. ಶುರು ಮಾಡುವಾಗ ಒಂದು, ಎರಡು ಅಂತ ಯಾರೂ ಎಣಿಸಲ್ಲ. ಅಕ್ಕ ಕಮಾನು ಎತ್ತಿ ಮೂಗಲ್ಲಿ ಉಸಿರು ಎಳೆದುಕೊಂಡರು, ಇಬ್ಬರೂ ಒಟ್ಟಿಗೆ ಇಳಿದರು. ನಾಲ್ಕು ಸಾಲು ದಾಟಿಲ್ಲ, "ನೀವು ಓಡ್ತಿದ್ದೀರಿ" ಅಂತ ಜಗಳ! ಸಂಸಾರ ಅಲ್ವಾ.

ಒಂದೊಂದು ಕೃತಿಯಲ್ಲೂ ಮೂರು ಭಾಗ. ನಡುವೆ ಚಪ್ಪಾಳೆ ಬೇಡ, ಅಕ್ಕ ಕಮಾನು ಕೆಳಗಿಳಿಸಿ ನಮ್ಮ ಕಡೆ ನೋಡಿದ ಮೇಲೆ ಹೊಡೆಯಿರಿ. ಮೊಬೈಲ್ ಆಫ್ ಮಾಡಿ, ಹೋದ ಸಲ ಯಾರದು ಅಂತ ಹೇಳಲ್ಲ. ಒದ್ದೆ ಕೊಡೆ ಹೊರಗೇ ಇಡಿ. ಆಮೇಲೆ ಕಾಫಿ, ಕಡಂಬಿಟ್ಟು (ಅಕ್ಕಿ ಕಡುಬು) ಇದೆ. ಬರುವವರು ಶನಿವಾರದೊಳಗೆ ಇಲ್ಲೇ ಹೇಳಿ, ಹಿಟ್ಟು ಎಷ್ಟು ಅಂತ ಗೊತ್ತಾಗಬೇಕು.